ಪೆಟ್ರೋಲ್ ಕಾರಿನ ಮೈಲೇಜ್ ಇಳಿದಾಗ: ದೋಷವನ್ನು ಯಾವ ಕ್ರಮದಲ್ಲಿ ಹುಡುಕಬೇಕು

ಲೀಟರಿಗೆ 18 ಕಿ.ಮೀ. ಕೊಡುತ್ತಿದ್ದ ಕಾರು 14ಕ್ಕೆ ಇಳಿದಿದೆ ಎಂದು ಗ್ಯಾರೇಜಿಗೆ ಹೋದರೆ ಮೊದಲು ಬದಲಾಗುವುದು ಏರ್ ಫಿಲ್ಟರ್, ಆಮೇಲೆ ಸ್ಪಾರ್ಕ್ ಪ್ಲಗ್. ಅದರ ಬೆನ್ನಿಗೇ ಥ್ರಾಟಲ್ ಬಾಡಿ ಕ್ಲೀನಿಂಗ್, ಇಂಜೆಕ್ಟರ್ ಕ್ಲೀನಿಂಗ್. ಸಾವಿರಗಟ್ಟಲೆ ಬಿಲ್ಲಾಗುತ್ತದೆ, ಮೈಲೇಜ್ ಎಷ್ಟೋ ಸಲ ಇದ್ದಲ್ಲೇ ಇರುತ್ತದೆ. ದೋಷ ಎಲ್ಲಿದೆ ಎಂದು ಯಾರೂ ಅಳೆದು ನೋಡಿಲ್ಲ ಎಂಬುದೇ ಅದಕ್ಕೆ ಕಾರಣ. ಎಂಜಿನ್ನಿಗೆ ಕೈ ಹಾಕುವ ಮುನ್ನ ಟೈರು, ಬ್ರೇಕು, ಥರ್ಮೋಸ್ಟಾಟ್ (ಎಂಜಿನ್ ಬಿಸಿಯಾಗುವವರೆಗೆ ಕೂಲೆಂಟನ್ನು ರೇಡಿಯೇಟರಿಗೆ ಬಿಡದ ವಾಲ್ವ್) ಈ ಮೂರನ್ನು ನೋಡಿ. ಇವನ್ನು ಪರೀಕ್ಷಿಸಲು ಖರ್ಚು ಇಲ್ಲವೆನ್ನುವಷ್ಟು ಕಡಿಮೆ, ಮೈಲೇಜ್ ತಿನ್ನುವುದರಲ್ಲಿ ಮಾತ್ರ ಇವು ಯಾವುದಕ್ಕೂ ಕಡಿಮೆಯಿಲ್ಲ.

ಇಲ್ಲಿ ಹೇಳುತ್ತಿರುವುದು 1.0ರಿಂದ 1.5 ಲೀಟರ್‌ವರೆಗಿನ, ಗೇರು ಹಾಕಿ ಓಡಿಸುವ, ಇಂಜೆಕ್ಷನ್ ಇರುವ ಪೆಟ್ರೋಲ್ ಕಾರುಗಳ ಬಗ್ಗೆ. ಡೀಸೆಲ್ ಮತ್ತು ಹೈಬ್ರಿಡ್ ಕಾರುಗಳಿಗೆ ಚಕ್ರ, ಬ್ರೇಕಿನ ಭಾಗ ಅನ್ವಯಿಸುತ್ತದೆ, ಎಂಜಿನ್ ಭಾಗ ಅನ್ವಯಿಸುವುದಿಲ್ಲ.

ನಿಜಕ್ಕೂ ಇಳಿದಿದೆಯೇ?

ಡ್ಯಾಶ್‌ಬೋರ್ಡಿನಲ್ಲಿ ಕಾಣುವ ಸರಾಸರಿಯನ್ನು ನಂಬಿ ತೀರ್ಮಾನಕ್ಕೆ ಬರಬೇಡಿ. ಅದು ಇಂಜೆಕ್ಟರ್ ಎಷ್ಟು ಹೊತ್ತು ತೆರೆದಿತ್ತು ಎಂಬುದರ ಮೇಲೆ ಹಾಕಿದ ಲೆಕ್ಕ, ಸಾಮಾನ್ಯವಾಗಿ ನಿಜಕ್ಕಿಂತ ತುಸು ಹೆಚ್ಚೇ ತೋರಿಸುತ್ತದೆ. ಸರಿಯಾದ ವಿಧಾನ ಫುಲ್ ಟ್ಯಾಂಕ್ ಲೆಕ್ಕ. ಬಂಕಿನಲ್ಲಿ ನಾಜಲ್ ತಾನಾಗಿ ಕಟ್ ಆಗುವವರೆಗೆ ಹಾಕಿಸಿ, ಅಲ್ಲಿಗೆ ನಿಲ್ಲಿಸಿ, ಟ್ರಿಪ್ ಮೀಟರ್ ಸೊನ್ನೆ ಮಾಡಿ. ಮುಂದಿನ ಸಲ ಅದೇ ಬಂಕು, ಸಾಧ್ಯವಾದರೆ ಅದೇ ಪಂಪು, ಮತ್ತೆ ಮೊದಲ ಕಟ್‌ವರೆಗೆ ಮಾತ್ರ. ಟ್ರಿಪ್ ಮೀಟರ್ 412 ಕಿ.ಮೀ. ತೋರಿಸಿ 27.5 ಲೀಟರ್ ಹಿಡಿದರೆ ಮೈಲೇಜ್ ಸುಮಾರು 15.

ಐನೂರು ರೂಪಾಯಿಗೆ ಹಾಕಿಸಿ ಲೆಕ್ಕ ಮಾಡುವುದು ಯಾಕೆ ಕೈಕೊಡುತ್ತದೆ? ನಾಜಲ್ ಕಟ್ ಆಗುವ ಮಟ್ಟ ಒಂದೊಂದು ಸಲ ಅರ್ಧದಿಂದ ಒಂದು ಲೀಟರ್ ಆಚೀಚೆ ಆಗುತ್ತದೆ. 10 ಲೀಟರಿನಲ್ಲಿ 1 ಲೀಟರ್ ತಪ್ಪಿದರೆ ಶೇ 10ರ ವ್ಯತ್ಯಾಸ, 30 ಲೀಟರಿನಲ್ಲಿ ಅದೇ ತಪ್ಪು ಶೇ 3 ಮಾತ್ರ. ಹಾಗಾಗಿ ಟ್ಯಾಂಕು ಮುಕ್ಕಾಲು ಖಾಲಿಯಾದ ಮೇಲೆ ತುಂಬಿಸಿ. ಒಂದು ಟ್ಯಾಂಕಿಗೆ ತೀರ್ಮಾನಿಸದೆ ಎರಡು ಮೂರು ಟ್ಯಾಂಕುಗಳ ಒಟ್ಟು ಕಿಲೋಮೀಟರನ್ನು ಒಟ್ಟು ಲೀಟರಿನಿಂದ ಭಾಗಿಸಿ. ಕಟ್ ಆದ ಮೇಲೂ ಕುತ್ತಿಗೆವರೆಗೆ ತುಂಬಿಸುವ ಅಭ್ಯಾಸ ಬಿಡಿ. ಹೆಚ್ಚಾದ ಪೆಟ್ರೋಲ್ ಆವಿ ಹೀರುವ ಇದ್ದಿಲ ಡಬ್ಬಿಯೊಳಗೆ ದ್ರವವಾಗಿಯೇ ಇಳಿಯುತ್ತದೆ. ಡಬ್ಬಿ ಹಾಳಾಗುತ್ತದೆ, ಅಲ್ಲಿಂದ ಎಂಜಿನ್ ಬೇಡದ ಪೆಟ್ರೋಲ್ ಆವಿ ಎಳೆದುಕೊಳ್ಳುತ್ತದೆ.

ಈಚೆಗೆ ಟೈರ್ ಅಳತೆ ಬದಲಿಸಿದ್ದರೆ ಓಡೋಮೀಟರೇ ತಪ್ಪು ಹೇಳುತ್ತಿರಬಹುದು. 175/65 ಆರ್14 ತೆಗೆದು 185/65 ಆರ್14 ಹಾಕಿಸಿದರೆ ಚಕ್ರದ ಸುತ್ತಳತೆ ಶೇ 2ಕ್ಕಿಂತ ತುಸು ಹೆಚ್ಚುತ್ತದೆ. ಕಾರು 102 ಕಿ.ಮೀ. ಓಡಿದರೂ ಮೀಟರಿನಲ್ಲಿ 100 ಎಂದು ಬೀಳುತ್ತದೆ. ಜೊತೆಗೆ, ಹೊಸ ಟೈರು ಸವೆದ ಟೈರಿಗಿಂತ ಭಾರವಾಗಿ ಉರುಳುತ್ತದೆ. ಟೈರ್ ಬದಲಿಸಿದ ತಿಂಗಳಲ್ಲಿ ಮೈಲೇಜ್ ಸ್ವಲ್ಪ ಇಳಿಯುವುದು ದೋಷವಲ್ಲ.

ಬಂಕಿನ ಅಳತೆಯ ಮೇಲೆ ಅನುಮಾನವಿದ್ದರೆ ಅಲ್ಲೇ 5 ಲೀಟರ್ ಮಾಪನ ಕೇಳಿ. ಕಾನೂನು ಮಾಪನಶಾಸ್ತ್ರ ಇಲಾಖೆಯ ಮುದ್ರೆಯಿರುವ ಈ ಅಳತೆ ಪಾತ್ರೆಯನ್ನು ಪ್ರತಿ ಬಂಕಿನಲ್ಲೂ ಇಟ್ಟಿರಬೇಕು, ಗ್ರಾಹಕ ಕೇಳಿದರೆ ಅಳೆದು ತೋರಿಸಬೇಕು. 5 ಲೀಟರಿಗೆ 25 ಮಿ.ಲೀ.ವರೆಗಿನ ವ್ಯತ್ಯಾಸಕ್ಕೆ ಅವಕಾಶವಿದೆ.

ಇನ್ನು ಎಥೆನಾಲ್ ವಿಚಾರ. ಶೇ 20 ಎಥೆನಾಲ್ ಬೆರೆತ ಇ20 ಪೆಟ್ರೋಲನ್ನು 2023ರ ಫೆಬ್ರುವರಿಯಲ್ಲಿ ಬೆಂಗಳೂರಿನಲ್ಲೇ ಬಿಡುಗಡೆ ಮಾಡಲಾಯಿತು, ಈಗ ಹೆಚ್ಚಿನ ಕಡೆ ಸಿಗುವುದು ಅದೇ. ಒಂದು ಲೀಟರ್ ಎಥೆನಾಲಿನಲ್ಲಿ ಇರುವ ಶಕ್ತಿ ಪೆಟ್ರೋಲಿಗಿಂತ ಸುಮಾರು ಮೂರನೇ ಒಂದು ಪಾಲು ಕಡಿಮೆ. ನೀತಿ ಆಯೋಗದ 2021ರ ವರದಿಯೇ ಅಂದಾಜಿಸಿದಂತೆ, ಶುದ್ಧ ಪೆಟ್ರೋಲಿಗೆ ವಿನ್ಯಾಸಗೊಂಡು ಇ10ಕ್ಕೆ ಹೊಂದಿಸಿದ ಕಾರುಗಳಲ್ಲಿ ಇ20 ಹಾಕಿದಾಗ ಶೇ 6ರಿಂದ 7ರಷ್ಟು, ಇ10ಕ್ಕೆ ವಿನ್ಯಾಸಗೊಂಡು ಇ20ಕ್ಕೆ ಹೊಂದಿಸಿದ ಕಾರುಗಳಲ್ಲಿ ಶೇ 1ರಿಂದ 2ರಷ್ಟು ಮೈಲೇಜ್ ನಷ್ಟವಾಗುತ್ತದೆ. 18 ಕೊಡುವ ಕಾರಿಗೆ ಶೇ 7 ಎಂದರೆ 16.7. ಅಷ್ಟರವರೆಗಿನ ಇಳಿಕೆಗೆ ಇಂಧನ ಕಾರಣವಿರಬಹುದು. 14ಕ್ಕೆ ಇಳಿದಿದ್ದರೆ ಎಥೆನಾಲನ್ನು ದೂರಿ ಸುಮ್ಮನಿರಬೇಡಿ, ಕಾರಿನಲ್ಲಿ ಬೇರೇನೋ ಇದೆ.

ಇಳಿದದ್ದು ಹೇಗೆ?

ನಿಧಾನವಾಗಿ, ಆರೇಳು ತಿಂಗಳಲ್ಲಿ ಇಳಿದಿದ್ದರೆ ಟೈರಿನ ಗಾಳಿ, ಅಲೈನ್‌ಮೆಂಟ್, ಸವೆದ ಪ್ಲಗ್, ಹಳೆಯದಾದ ಆಕ್ಸಿಜನ್ ಸೆನ್ಸರ್ (ಹೊಗೆಯಲ್ಲಿ ಉಳಿದ ಆಮ್ಲಜನಕ ಅಳೆಯುವ ಸಾಧನ), ಕ್ಲಚ್ ಇವುಗಳತ್ತ ಬೆರಳು ತೋರಿಸಬೇಕು. ಒಂದೇ ಟ್ಯಾಂಕಿನಲ್ಲಿ ದಿಢೀರನೆ ಇಳಿದಿದ್ದರೆ ಹಿಡಿದುಕೊಂಡ ಬ್ರೇಕು, ತೆರೆದೇ ಉಳಿದ ಥರ್ಮೋಸ್ಟಾಟ್, ಎಂಜಿನ್ ಮಿಸ್ಸಿಂಗ್ (ಯಾವುದೋ ಸಿಲಿಂಡರ್ ಉರಿಯದೆ ಹೋಗುವುದು) ಅಥವಾ ಇಂಧನ ಸೋರಿಕೆ. ಸರ್ವಿಸ್ ಮಾಡಿಸಿದ ಬೆನ್ನಿಗೇ ಇಳಿದಿದ್ದರೆ ಸರ್ವಿಸ್ ಬಿಲ್ಲನ್ನು ಎದುರಿಗಿಟ್ಟುಕೊಳ್ಳಿ: ಯಾವ ಗ್ರೇಡಿನ ಆಯಿಲ್ ಹಾಕಿದ್ದಾರೆ, ಹಿಂದಿನ ಬ್ರೇಕ್ ಬಿಗಿ ಮಾಡಿದ್ದಾರೆಯೇ, ಕೂಲೆಂಟ್ ಕೆಲಸ ಆಗಿದೆಯೇ?

ಆಯಿಲ್ ವಿಷಯ ಇಲ್ಲೇ ಮುಗಿಸಿಬಿಡೋಣ. 0ಡಬ್ಲ್ಯೂ-20 ಹಾಕಬೇಕಾದ ಎಂಜಿನ್ನಿಗೆ ಬ್ಯಾರೆಲ್ಲಿನಿಂದ 20ಡಬ್ಲ್ಯೂ-50 ಸುರಿದರೆ, ಮುಖ್ಯವಾಗಿ ಬೆಳಗಿನ ತಣ್ಣನೆ ಓಟದಲ್ಲಿ, ಎಂಜಿನ್ ಆ ದಪ್ಪ ಎಣ್ಣೆಯನ್ನು ಕಡೆಯುವುದಕ್ಕೇ ಪೆಟ್ರೋಲ್ ಸುಡುತ್ತದೆ. ಸರಿಯಾದ ಗ್ರೇಡ್ ಕಾರಿನ ಪುಸ್ತಕದಲ್ಲಿರುತ್ತದೆ, ಹಲವು ಕಾರುಗಳಲ್ಲಿ ಆಯಿಲ್ ಮುಚ್ಚಳದ ಮೇಲೇ ಅಚ್ಚಾಗಿರುತ್ತದೆ. ಡಿಪ್‌ಸ್ಟಿಕ್ಕಿನ ಮೇಲಿನ ಗುರುತು ದಾಟಿ ತುಂಬಿಸಿದ್ದರೂ ಕ್ರ್ಯಾಂಕ್ ಎಣ್ಣೆಗೆ ಬಡಿದು ನಷ್ಟವೇ. ಹೆಚ್ಚಾದದ್ದನ್ನು ತೆಗೆಸಿ.

ಮೊದಲ ಪರೀಕ್ಷೆ: ಕಾರು ಸಲೀಸಾಗಿ ಉರುಳುತ್ತಿದೆಯೇ?

ಗಾಳಿಯಿಂದ ಶುರುಮಾಡಿ. ಚಾಲಕನ ಬಾಗಿಲು ತೆರೆದರೆ ಕಂಬದ ಮೇಲೆ ಗಾಳಿಯ ಒತ್ತಡದ ಸ್ಟಿಕ್ಕರ್ ಇರುತ್ತದೆ. ಸಣ್ಣ ಕಾರುಗಳಿಗೆ ಬಹುತೇಕ 30ರಿಂದ 35 ಪಿಎಸ್‌ಐ. ಟೈರಿನ ಬದಿಯಲ್ಲಿ ಬರೆದಿರುವುದು ಟೈರು ತಡೆಯುವ ಗರಿಷ್ಠ ಒತ್ತಡ, ಅದನ್ನು ಹಾಕಿಸಬಾರದು. ಅಳೆಯಬೇಕಾದದ್ದು ತಣ್ಣಗಿರುವಾಗ, ಅಂದರೆ ಮೂರು ಗಂಟೆ ನಿಂತ ಕಾರಿನಲ್ಲಿ ಅಥವಾ ಎರಡು ಕಿಲೋಮೀಟರಿನೊಳಗೆ ಓಡಿದ ಕಾರಿನಲ್ಲಿ. ಮಧ್ಯಾಹ್ನದ ಬಿಸಿಲಲ್ಲಿ ಹೈವೇಯಲ್ಲಿ ಓಡಿ ಬಂದ ಟೈರು 4-5 ಪಿಎಸ್‌ಐ ಹೆಚ್ಚು ತೋರಿಸುತ್ತದೆ. ಆಗ 33ಕ್ಕೆ ಇಳಿಸಿ ಹೊರಟರೆ ಮರುದಿನ ಬೆಳಗ್ಗೆ ಅದು 28-29 ಆಗಿರುತ್ತದೆ. ಹಾಗೆ ನೋಡಿದರೆ ಒಂದು ಪಿಎಸ್‌ಐ ಕಡಿಮೆಯಾದರೆ ಮೈಲೇಜ್ ಇಳಿಯುವುದು ಶೇ 0.2ರ ಆಸುಪಾಸು. ನಾಲ್ಕೂ ಚಕ್ರದಲ್ಲಿ 10 ಪಿಎಸ್‌ಐ ಇಲ್ಲದಿದ್ದರೂ ಶೇ 2-3ರ ನಷ್ಟ. ಆದರೆ ಅಂಥ ಟೈರಿನ ಭುಜ ಬೇಗ ಸವೆಯುತ್ತದೆ, ಬಿಸಿಯಾಗಿ ಸಿಡಿಯುವ ಅಪಾಯವೂ ಇದೆ. ಗಾಳಿ ಸರಿಪಡಿಸಿ, ಆದರೆ ಲೀಟರಿಗೆ ನಾಲ್ಕು ಕಿಲೋಮೀಟರ್ ಅದರಿಂದಲೇ ವಾಪಸ್ ಬರುತ್ತದೆ ಎಂದು ಕಾಯಬೇಡಿ.

ಅಂಗೈಯನ್ನು ಮುಂದಿನ ಟೈರಿನ ಮೇಲೆ ಒಳಗಿನಿಂದ ಹೊರಕ್ಕೆ, ಮತ್ತೆ ಹೊರಗಿನಿಂದ ಒಳಕ್ಕೆ ಸವರಿ. ಒಂದು ಕಡೆಗೆ ನುಣುಪು, ಇನ್ನೊಂದು ಕಡೆಗೆ ಗರಗಸದ ಹಲ್ಲಿನಂತೆ ಚುಚ್ಚಿದರೆ ಟೋ ಕೆಟ್ಟಿದೆ. ಚಕ್ರಗಳೆರಡೂ ಒಂದೇ ದಿಕ್ಕಿಗೆ ನೋಡದೆ ಟೈರನ್ನು ಅಡ್ಡಡ್ಡ ಉಜ್ಜಿಕೊಂಡು ಹೋಗುತ್ತಿವೆ. ಕಂಪ್ಯೂಟರ್ ಅಲೈನ್‌ಮೆಂಟ್ ಮಾಡಿಸಿ, ಮೊದಲಿನ ಮತ್ತು ನಂತರದ ಅಂಕಿಗಳಿರುವ ಪ್ರಿಂಟ್ ಕೇಳಿ ಪಡೆಯಿರಿ.

ಈಗ ಬ್ರೇಕು. ದಿಢೀರ್ ಇಳಿಕೆಗೆ ನಾವು ಮೊದಲು ಅನುಮಾನಿಸುವುದು ಇದನ್ನೇ. ಮಳೆಗಾಲ ಕಳೆದ ಮೇಲೆ ಮಲೆನಾಡು, ಕರಾವಳಿಯ ಕಾರುಗಳಲ್ಲಂತೂ ಇದನ್ನು ನೋಡದೆ ಮುಂದೆ ಹೋಗಲೇಬಾರದು. ಬ್ರೇಕ್ ಬಿಟ್ಟ ಮೇಲೂ ಪ್ಯಾಡ್ ಡಿಸ್ಕನ್ನು ಸವರಿಕೊಂಡೇ ಇದ್ದರೆ ಪೆಟ್ರೋಲಿನ ಶಕ್ತಿ ನೇರವಾಗಿ ಬಿಸಿಯಾಗಿ ಹೋಗುತ್ತದೆ. ಪತ್ತೆ ಹಚ್ಚುವುದೂ ಆ ಬಿಸಿಯಿಂದಲೇ.

ವಾಹನ ದಟ್ಟಣೆಯಿಲ್ಲದ ರಸ್ತೆಯಲ್ಲಿ ಎಂಟು ಹತ್ತು ಕಿಲೋಮೀಟರ್ ಓಡಿಸಿ. ಬ್ರೇಕನ್ನು ಆದಷ್ಟು ಕಡಿಮೆ ಬಳಸಿ, ಗೇರು ಇಳಿಸುತ್ತ ವೇಗ ತಗ್ಗಿಸಿ ನಿಲ್ಲಿಸಿ. ಇಳಿದು ನಾಲ್ಕೂ ಚಕ್ರದ ನಡುಭಾಗದ ಹತ್ತಿರ ಕೈ ಒಡ್ಡಿ. ಡಿಸ್ಕನ್ನು ಮುಟ್ಟಬೇಡಿ, ಚರ್ಮ ಸುಟ್ಟೀತು. ಇನ್‌ಫ್ರಾರೆಡ್ ಥರ್ಮಾಮೀಟರ್ ಇದ್ದರೆ ಡಿಸ್ಕಿನ ಅದೇ ಜಾಗಕ್ಕೆ ಎರಡೂ ಕಡೆ ಹಿಡಿದು ನೋಡಿ. ಮುಂದಿನ ಚಕ್ರಗಳು ಹಿಂದಿನವಕ್ಕಿಂತ ಬಿಸಿ ಇರುವುದು ಸಹಜ. ಹೋಲಿಸಬೇಕಾದದ್ದು ಎಡ ಮತ್ತು ಬಲವನ್ನು. ಎರಡರ ನಡುವೆ 30-40 ಡಿಗ್ರಿ ಅಂತರವಿದ್ದರೆ ಬಿಸಿ ಹೆಚ್ಚಿರುವ ಕಡೆ ಬ್ರೇಕ್ ಹಿಡಿದುಕೊಂಡಿದೆ. ಸುಟ್ಟ ವಾಸನೆ, ಆ ಒಂದು ಚಕ್ರದ ರಿಮ್ ಮೇಲೆ ಮಾತ್ರ ಕಪ್ಪು ಪುಡಿ, ಕಾರು ಒಂದು ಬದಿಗೆ ಎಳೆಯುವುದು, ಇವು ಜೊತೆಯ ಗುರುತುಗಳು.

ಯಾವ ಚಕ್ರ ಎಂದು ಗೊತ್ತಾದ ಮೇಲೆ ಮಟ್ಟಸ ನೆಲದಲ್ಲಿ ಉಳಿದ ಚಕ್ರಗಳಿಗೆ ಕಲ್ಲು ಕೊಟ್ಟು, ಜಾಕ್ ಏರಿಸಿ, ಕೆಳಗೆ ಸ್ಟ್ಯಾಂಡ್ ಇಡಿ. ಬರೀ ಜಾಕಿನ ಮೇಲೆ ನಿಂತ ಕಾರಿನಡಿ ಕೈ ಹಾಕಬಾರದು. ನ್ಯೂಟ್ರಲ್‌ನಲ್ಲಿಟ್ಟು ಚಕ್ರ ತಿರುಗಿಸಿ. ಪ್ಯಾಡ್ ಸಣ್ಣಗೆ ಸವರುವ ಸದ್ದು ಇರುತ್ತದೆ, ಅದು ದೋಷವಲ್ಲ. ಎರಡೂ ಕೈ ಹಾಕಿ ಬಲ ಬಿಟ್ಟು ತಿರುಗಿಸಬೇಕಾದರೆ ದೋಷ. ಒಬ್ಬರು ಬ್ರೇಕ್ ಪೆಡಲನ್ನು ಎರಡು ಮೂರು ಸಲ ಬಲವಾಗಿ ಒತ್ತಿ ಬಿಡಲಿ, ತಕ್ಷಣ ನೀವು ತಿರುಗಿಸಿ ನೋಡಿ. ಕೆಲವು ದೋಷ ಹೀಗೆ ಒತ್ತಿ ಬಿಟ್ಟಾಗ ಮಾತ್ರ ಕಾಣಿಸುತ್ತದೆ.

ಚಕ್ರ ಬಿಗಿಯಾಗಿರುವಾಗಲೇ ಕ್ಯಾಲಿಪರ್ (ಪ್ಯಾಡುಗಳನ್ನು ಡಿಸ್ಕಿಗೆ ಒತ್ತುವ ಭಾಗ) ಮೇಲಿನ ಬ್ಲೀಡರ್ ಸ್ಕ್ರೂ, ಅಂದರೆ ಬ್ರೇಕ್ ಆಯಿಲಿನ ಗಾಳಿ ತೆಗೆಯುವ ತಿರುಪನ್ನು, ತುಸು ಸಡಿಲಿಸಿ. ದೋಷದ ಜಾಗ ಹೇಳುವ ಪರೀಕ್ಷೆ ಇದು. ಬ್ರೇಕ್ ಆಯಿಲ್ ಚಿಮ್ಮಿ ಚಕ್ರ ಸಡಿಲವಾದರೆ ಕ್ಯಾಲಿಪರ್ ಚೆನ್ನಾಗಿದೆ, ಒತ್ತಡ ಹಿಂದಕ್ಕೆ ಹೋಗದೆ ಒಳಗೆ ಸಿಕ್ಕಿಕೊಂಡಿದೆ. ಒಂದೇ ಚಕ್ರವಾದರೆ ರಬ್ಬರ್ ಹೋಸ್ ಒಳಗೆ ಊದಿ ಒಮ್ಮುಖ ಬಾಗಿಲಾಗಿದೆ: ಪೆಡಲ್ ಒತ್ತಿದಾಗಿನ ಒತ್ತಡ ಅದನ್ನು ದಾಟುತ್ತದೆ, ಬಿಟ್ಟಾಗ ವಾಪಸ್ ಬರುವುದಿಲ್ಲ. ಹೋಸ್ ಬದಲಿಸಬೇಕು. ಒಂದಕ್ಕಿಂತ ಹೆಚ್ಚು ಚಕ್ರ ಹೀಗಿದ್ದರೆ, ಅದರಲ್ಲೂ ಮುಂದಿನ ಎಡ ಮತ್ತು ಹಿಂದಿನ ಬಲದಂತೆ ಓರೆ ಜೋಡಿ ಬಿಗಿಯಿದ್ದರೆ, ಮಾಸ್ಟರ್ ಸಿಲಿಂಡರ್ (ಪೆಡಲ್ ಒತ್ತಿದಾಗ ಬ್ರೇಕ್ ಆಯಿಲನ್ನು ತಳ್ಳುವ ಭಾಗ) ನೋಡಿಸಿ. ಹೆಚ್ಚಿನ ಸಣ್ಣ ಕಾರುಗಳಲ್ಲಿ ಬ್ರೇಕ್ ಲೈನ್ ಈ ಓರೆ ಜೋಡಿಯಲ್ಲೇ ಇರುತ್ತದೆ. ಬ್ಲೀಡರ್ ಬಿಚ್ಚಿದರೂ ಚಕ್ರ ಬಿಗಿಯಾಗಿಯೇ ಇದ್ದರೆ ಪಿಸ್ಟನ್ ಅಥವಾ ಸ್ಲೈಡ್ ಪಿನ್ (ಕ್ಯಾಲಿಪರ್ ಅತ್ತಿತ್ತ ಜಾರಲು ಇರುವ ಕಡ್ಡಿ) ತುಕ್ಕು ಹಿಡಿದಿದೆ. ಈ ಪರೀಕ್ಷೆ ಮಾಡಿದ ಮೇಲೆ ಬ್ರೇಕ್ ಆಯಿಲ್ ತುಂಬಿಸಿ ಗಾಳಿ ತೆಗೆಯದೆ ಕಾರು ಕದಲಿಸಬೇಡಿ. ಕೈಪಳಗಿಲ್ಲದವರು ಇದನ್ನು ಮೆಕ್ಯಾನಿಕ್ ಎದುರಿಗೇ ಮಾಡಿಸಿ.

ಹೆಚ್ಚಾಗಿ ಸಿಗುವುದು ಸ್ಲೈಡ್ ಪಿನ್ ದೋಷ. ಒಂದೊಂದು ಕ್ಯಾಲಿಪರಿಗೆ ಎರಡು ಪಿನ್. ಧೂಳುಮುಚ್ಚಿಗೆಯ ರಬ್ಬರ್ ಹರಿದು ನೀರು ಇಳಿದರೆ ಪಿನ್ ಕಚ್ಚಿಕೊಳ್ಳುತ್ತದೆ. ಆಗ ಒಳಗಿನ ಪ್ಯಾಡ್ ತೆಳ್ಳಗೆ, ಹೊರಗಿನದು ದಪ್ಪಗೆ ಉಳಿದಿರುತ್ತದೆ, ನೋಡಿದ ಕೂಡಲೇ ಗೊತ್ತಾಗುತ್ತದೆ. ಪಿನ್ ತೆಗೆದು, ಬ್ರೇಕ್ ಕ್ಲೀನರ್ ಹಾಕಿ ಒರೆಸಿ, ಬ್ರೇಕಿಗೆಂದೇ ಬರುವ ಸಿಲಿಕೋನ್ ಗ್ರೀಸ್ ತೆಳುವಾಗಿ ಸವರಿ ಕೂರಿಸಿ. ಬೇರಿಂಗಿಗೆ ಹಾಕುವ ಸಾಮಾನ್ಯ ಗ್ರೀಸ್ ಬೇಡ, ಅದರಿಂದ ರಬ್ಬರ್ ಊದಿ ಕೆಲವೇ ತಿಂಗಳಲ್ಲಿ ಪಿನ್ ಮತ್ತೆ ಹಿಡಿದುಕೊಳ್ಳುತ್ತದೆ. ಬ್ರೇಕ್ ಆಯಿಲನ್ನು ಎರಡು ವರ್ಷಕ್ಕೊಮ್ಮೆ ಬದಲಿಸಿ. ಅದು ಗಾಳಿಯ ತೇವ ಹೀರುತ್ತದೆ, ಆ ನೀರೇ ಪಿಸ್ಟನ್ನಿಗೆ ಒಳಗಿನಿಂದ ತುಕ್ಕು ತರುತ್ತದೆ.

ಹಿಂದಿನ ಡ್ರಮ್ ಬಿಸಿಯಿದ್ದರೆ ಮೊದಲು ಹ್ಯಾಂಡ್ ಬ್ರೇಕ್ ಕೇಬಲ್ ನೋಡಿ. ಕೇಬಲಿನ ಕವಚದೊಳಗೆ ನೀರು ಸೇರಿ ತುಕ್ಕಾದರೆ ಲಿವರ್ ಕೆಳಗಿಳಿದರೂ ಶೂ ಹಿಂದಕ್ಕೆ ಸರಿಯುವುದಿಲ್ಲ. ಲಿವರ್ ಎಳೆದಾಗ ಸಾಮಾನ್ಯವಾಗಿ 5ರಿಂದ 8 ‘ಟಕ್’ ಸದ್ದಿನೊಳಗೆ ಬಿಗಿಯಾಗಬೇಕು, ನಿಖರ ಸಂಖ್ಯೆ ಕಾರಿನ ಪುಸ್ತಕದಲ್ಲಿರುತ್ತದೆ. ಎರಡು ಮೂರಕ್ಕೇ ಬಿಗಿಯಾದರೆ ಸರ್ವಿಸ್‌ನಲ್ಲಿ ಕೇಬಲ್ ಅತಿಯಾಗಿ ಎಳೆದಿದ್ದಾರೆ ಎಂದರ್ಥ. ಮೊದಲು ಡ್ರಮ್ಮಿನೊಳಗಿನ ಅಡ್ಜಸ್ಟರ್ ಸರಿಮಾಡಿ ಆಮೇಲೆ ಕೇಬಲ್ ಎಳೆಯಬೇಕು. ಕೇಬಲ್ ಒಂದನ್ನೇ ಬಿಗಿ ಮಾಡಿ ಬಿಡುವುದು ಅಡ್ಡದಾರಿ. ಮಳೆಯಲ್ಲಿ ಬಂದು ಅಥವಾ ತೊಳೆದು ವಾರಗಟ್ಟಲೆ ನಿಲ್ಲಿಸುವಾಗ, ಮಟ್ಟಸ ಜಾಗವಾದರೆ, ಹ್ಯಾಂಡ್ ಬ್ರೇಕ್ ಹಾಕದೆ ಫಸ್ಟ್ ಗೇರಿನಲ್ಲಿಟ್ಟು ಚಕ್ರಕ್ಕೆ ಕಲ್ಲು ಕೊಡಿ.

ಎರಡನೆಯ ಪರೀಕ್ಷೆ: ಎಂಜಿನ್ ಬೇಕಾದಷ್ಟು ಬಿಸಿಯಾಗುತ್ತಿದೆಯೇ?

ನಮ್ಮಲ್ಲಿ ಥರ್ಮೋಸ್ಟಾಟ್ ವಾಲ್ವ್ ಕಿತ್ತುಹಾಕುವ ಕೆಟ್ಟ ರೂಢಿಯೊಂದಿದೆ. ಕಾರು ಒಮ್ಮೆ ಹೀಟ್ ಆದರೆ ಸಾಕು, ‘ನಮ್ಮ ಬಿಸಿಲಿಗೆ ಇದು ಬೇಡ’ ಎಂದು ತೆಗೆದು ಬಿಡುತ್ತಾರೆ. ವಾಲ್ವ್ ಇಲ್ಲದಿದ್ದರೆ, ಅಥವಾ ತೆರೆದ ಸ್ಥಿತಿಯಲ್ಲೇ ಸಿಕ್ಕಿಕೊಂಡರೆ, ಕೂಲೆಂಟ್ ಮೊದಲ ಕ್ಷಣದಿಂದಲೇ ರೇಡಿಯೇಟರಿಗೆ ಹೋಗಿ ತಣ್ಣಗಾಗುತ್ತಿರುತ್ತದೆ. 85-95 ಡಿಗ್ರಿಯಲ್ಲಿ ಓಡಬೇಕಾದ ಎಂಜಿನ್ ಹೈವೇಯಲ್ಲಿ 65-70ರಲ್ಲೇ ಓಡುತ್ತದೆ. ಎಂಜಿನ್ ಇನ್ನೂ ತಣ್ಣಗಿದೆ ಎಂದು ತಿಳಿದ ಇಸಿಯು (ಎಂಜಿನ್ ನಿಯಂತ್ರಿಸುವ ಕಂಪ್ಯೂಟರ್) ಪೆಟ್ರೋಲ್ ಹೆಚ್ಚಿಗೆ ಕೊಡುತ್ತದೆ, ಐಡಲ್ (ಆಕ್ಸಿಲರೇಟರ್ ಒತ್ತದಿರುವಾಗಿನ ಎಂಜಿನ್ ವೇಗ) ಏರಿಸಿಡುತ್ತದೆ, ಇಳಿಜಾರಿನಲ್ಲಿ ಪೆಟ್ರೋಲ್ ನಿಲ್ಲಿಸುವ ಕೆಲಸವನ್ನೂ ಹಲವು ಸಲ ಮಾಡುವುದಿಲ್ಲ. ಎಣ್ಣೆಯೂ ತೆಳುವಾಗುವುದಿಲ್ಲ. ಹೀಗೆ ಒಂದು ಸಣ್ಣ ವಾಲ್ವಿನಿಂದ ನಾಲ್ಕು ಕಡೆ ನಷ್ಟ.

ಪರೀಕ್ಷೆ ಸುಲಭ. ರಾತ್ರಿಯಿಡೀ ನಿಂತ ಕಾರನ್ನು ಬೆಳಗ್ಗೆ ಸ್ಟಾರ್ಟ್ ಮಾಡಿ, ಬಾನೆಟ್ ತೆರೆದು, ಫ್ಯಾನ್ ಮತ್ತು ಬೆಲ್ಟಿನಿಂದ ಕೈ ದೂರವಿಟ್ಟು, ರೇಡಿಯೇಟರಿನ ಮೇಲಿನ ಹೋಸನ್ನು ಆಗಾಗ ಮುಟ್ಟಿ ನೋಡಿ. ವಾಲ್ವ್ ಚೆನ್ನಾಗಿದ್ದರೆ ಹೋಸ್ ಬಹಳ ಹೊತ್ತು ತಣ್ಣಗೇ ಇದ್ದು, ಆಮೇಲೆ ಒಮ್ಮೆಗೇ ಬಿಸಿಯೇರುತ್ತದೆ. ಸ್ಟಾರ್ಟ್ ಆದ ಮೊದಲ ನಿಮಿಷದಿಂದಲೇ ಮೆಲ್ಲಗೆ ಬೆಚ್ಚಗಾಗುತ್ತ ಹೋದರೆ ವಾಲ್ವ್ ಮುಚ್ಚುತ್ತಿಲ್ಲ, ಇಲ್ಲವೇ ಅಲ್ಲಿ ವಾಲ್ವೇ ಇಲ್ಲ. ಕೆಲವು ಎಂಜಿನ್ನುಗಳಲ್ಲಿ ವಾಲ್ವ್ ಕೆಳಗಿನ ಹೋಸಿನ ಕಡೆ ಇರುತ್ತದೆ, ಅಲ್ಲಿ ಕೆಳಗಿನ ಹೋಸಿನ ಮೇಲೆ ಇದೇ ಪರೀಕ್ಷೆ ಮಾಡಿ. ಡ್ಯಾಶ್‌ಬೋರ್ಡಿನ ನೀಲಿ ದೀಪ ಆರಿತು ಎಂದ ಮಾತ್ರಕ್ಕೆ ಎಂಜಿನ್ ಪೂರ್ತಿ ಬಿಸಿಯಾಗಿದೆ ಎಂದಲ್ಲ, ಅದು ಬಹಳ ಮೊದಲೇ ಆರುತ್ತದೆ.

ಬಿಚ್ಚಿದ ವಾಲ್ವನ್ನು ಎಸೆಯುವ ಮುಂಚೆ ಪಾತ್ರೆಯ ನೀರಿನಲ್ಲಿ ದಾರ ಕಟ್ಟಿ ಇಳಿಬಿಟ್ಟು, ತಳಕ್ಕೆ ತಾಗದಂತೆ ಕಾಯಿಸಿ, ಥರ್ಮಾಮೀಟರ್ ಹಿಡಿದು ನೋಡಬಹುದು. ಅದರ ಮೇಲೆ 82 ಅಥವಾ 88 ಎಂದು ಅಚ್ಚಿದ್ದರೆ ಆ ಶಾಖದ ಆಸುಪಾಸಿನಲ್ಲಿ ತೆರೆಯತೊಡಗಬೇಕು, ನೀರು ಆರಿದಾಗ ಪೂರ್ತಿ ಮುಚ್ಚಬೇಕು. ಬೆಂಗಳೂರಿನ ಎತ್ತರದಲ್ಲಿ ನೀರು 97 ಡಿಗ್ರಿಗೇ ಕುದಿಯುತ್ತದೆ. ಹಾಗಾಗಿ ಕುದಿಯುವ ನೀರಿನಲ್ಲೂ ವಾಲ್ವ್ ಕೊನೆಯ ಒಂದೆರಡು ಮಿ.ಮೀ. ತೆರೆಯದೆ ಉಳಿದರೆ ಅದನ್ನು ಕೆಟ್ಟದ್ದೆಂದು ತಿಳಿಯಬೇಡಿ. ಹೊಸದು ಹಾಕುವಾಗ ಗ್ಯಾಸ್ಕೆಟ್ಟೂ ಹೊಸದಿರಲಿ, ಕೂಲೆಂಟ್ ಬಾಟಲಿಯಲ್ಲಿ ಹೇಳಿದ ಪ್ರಮಾಣದಲ್ಲೇ ಇರಲಿ. ಬೋರ್‌ವೆಲ್ ನೀರು ಹಾಕಬೇಡಿ, ಅದರ ಸುಣ್ಣ ರೇಡಿಯೇಟರ್ ಕೊಳವೆಯೊಳಗೆ ಪದರ ಕಟ್ಟುತ್ತದೆ. ಎಂಜಿನ್ ಬಿಸಿಯಿರುವಾಗ ರೇಡಿಯೇಟರ್ ಮುಚ್ಚಳ ತೆರೆಯಬಾರದು.

ಮೂರನೆಯ ಪರೀಕ್ಷೆ: ಸ್ಕ್ಯಾನರ್ ಏನು ಹೇಳುತ್ತದೆ?

ಚಕ್ರಗಳು ಸಲೀಸು, ಶಾಖ ಸರಿ ಎಂದಾದರೆ ಮಾತ್ರ ಎಂಜಿನ್. ಸ್ಟೇರಿಂಗ್ ಕೆಳಗಿನ 16 ಪಿನ್ನಿನ ಒಬಿಡಿ ಸಾಕೆಟ್ಟಿಗೆ (ಇಸಿಯು ಅಂಕಿಗಳನ್ನು ಓದುವ ಜಾಗ) ಬ್ಲೂಟೂತ್ ಅಡಾಪ್ಟರ್ ಸಿಕ್ಕಿಸಿದರೆ ಫೋನಿನಲ್ಲೇ ಅಂಕಿಗಳು ಕಾಣುತ್ತವೆ. ಚೆಕ್ ಎಂಜಿನ್ ದೀಪ ಉರಿಯದಿದ್ದರೂ ನೋಡಿ, ಮೈಲೇಜ್ ತಿನ್ನುವ ಎಷ್ಟೋ ದೋಷಗಳು ದೀಪ ಹೊತ್ತಿಸುವ ಮಟ್ಟಕ್ಕೆ ಹೋಗಿರುವುದಿಲ್ಲ. ಸ್ಕ್ಯಾನ್ ಮಾಡುವ ಮುಂಚೆ ಬ್ಯಾಟರಿ ವೈರ್ ಬಿಚ್ಚಬೇಡಿ. ಇಸಿಯು ಕಲಿತಿಟ್ಟುಕೊಂಡ ತಿದ್ದುಪಡಿ ಅಳಿಸಿಹೋದರೆ ಸಾಕ್ಷಿಯೇ ಹೋದಂತೆ.

ರಾತ್ರಿ ನಿಂತ ಕಾರಿನಲ್ಲಿ ಸ್ಟಾರ್ಟ್ ಮಾಡದೆ ಇಗ್ನಿಷನ್ ಮಾತ್ರ ಆನ್ ಮಾಡಿ ಕೂಲೆಂಟ್ ಶಾಖ ಮತ್ತು ಒಳಬರುವ ಗಾಳಿಯ ಶಾಖ ಎರಡನ್ನೂ ಓದಿ. ಎರಡೂ ಹತ್ತಿರ ಹತ್ತಿರ, ನಾಲ್ಕೈದು ಡಿಗ್ರಿಯೊಳಗೆ ಇರಬೇಕು. ಗಾಳಿ 22, ಕೂಲೆಂಟ್ 2 ಎಂದು ತೋರಿಸಿದರೆ ಕೂಲೆಂಟ್ ಸೆನ್ಸರ್ ಸುಳ್ಳು ಹೇಳುತ್ತಿದೆ, ಇಸಿಯು ಅದನ್ನು ನಂಬಿ ಪೆಟ್ರೋಲ್ ಸುರಿಯುತ್ತಿದೆ. ಎಂಜಿನ್ ಎಷ್ಟು ಓಡಿದರೂ ಬೇಕಾದ ಶಾಖಕ್ಕೆ ಏರದಿದ್ದರೆ ಪಿ0128 ಕೋಡ್ ಬರುತ್ತದೆ, ಅದು ಬಹುತೇಕ ಥರ್ಮೋಸ್ಟಾಟೇ.

ಆಮೇಲೆ ಫ್ಯುಯಲ್ ಟ್ರಿಮ್. ಆಕ್ಸಿಜನ್ ಸೆನ್ಸರ್ ಹೇಳಿದ್ದನ್ನು ಕೇಳಿ ಇಸಿಯು ತನ್ನ ಮೂಲ ಲೆಕ್ಕಕ್ಕಿಂತ ಎಷ್ಟು ಪೆಟ್ರೋಲ್ ಕೂಡಿಸಿದೆ ಅಥವಾ ಕಳೆದಿದೆ ಎಂಬುದೇ ಇದು. ಎಂಜಿನ್ ಪೂರ್ತಿ ಬಿಸಿಯಾದ ಮೇಲೆ, ಎಸಿ ಆಫ್ ಮಾಡಿ, ಅಲ್ಪಾವಧಿ ಮತ್ತು ದೀರ್ಘಾವಧಿ ಎರಡೂ ಟ್ರಿಮ್ ಕೂಡಿಸಿ ನೋಡಿ. ಒಮ್ಮೆ ಐಡಲ್‌ನಲ್ಲಿ, ಒಮ್ಮೆ 2,500 ಆರ್‌ಪಿಎಂನಲ್ಲಿ. ಶೇ 5ರ ಆಚೀಚೆ ಇದ್ದರೆ ಚಿಂತೆಯಿಲ್ಲ. ಶೇ 10 ದಾಟಿದರೆ ಕಾರಣ ಹುಡುಕಬೇಕು.

ಟ್ರಿಮ್ ಮೈನಸ್ ಕಡೆ ಇದ್ದರೆ ಎಲ್ಲಿಂದಲೋ ಹೆಚ್ಚುವರಿ ಪೆಟ್ರೋಲ್ ಬರುತ್ತಿದೆ: ಸೋರುವ ಇಂಜೆಕ್ಟರ್, ತೆರೆದೇ ಉಳಿದ ಪರ್ಜ್ ವಾಲ್ವ್ (ಇದ್ದಿಲ ಡಬ್ಬಿಯ ಆವಿಯನ್ನು ಎಂಜಿನ್ನಿಗೆ ಬಿಡುವ ವಾಲ್ವ್), ಹೆಚ್ಚಾದ ಇಂಧನ ಒತ್ತಡ. ಪರ್ಜ್ ವಾಲ್ವನ್ನು ಖಚಿತಪಡಿಸಲು ಅದರ ಹೋಸನ್ನು ಎಂಜಿನ್ ಕಡೆ ಚಿವುಟಿ ಹಿಡಿಯಿರಿ. ಟ್ರಿಮ್ ಸೊನ್ನೆಯತ್ತ ಬಂದರೆ ಅದೇ ಕಳ್ಳ. ಪ್ಲಸ್ ಕಡೆ ಇದ್ದರೆ ಇಸಿಯು ಪೆಟ್ರೋಲ್ ಕೂಡಿಸುತ್ತಿದೆ. ಏರ್ ಫ್ಲೋ ಮೀಟರ್ (ಒಳಹೋಗುವ ಗಾಳಿಯನ್ನು ನೇರವಾಗಿ ಅಳೆಯುವ ಸೆನ್ಸರ್) ಇರುವ ಕಾರಿನಲ್ಲಿ ಐಡಲ್‌ನಲ್ಲಿ ಪ್ಲಸ್ ಹೆಚ್ಚಿದ್ದು 2,500ರಲ್ಲಿ ಇಳಿದರೆ ಎಲ್ಲೋ ಹೋಸ್ ಬಿರಿದು ಲೆಕ್ಕಕ್ಕೆ ಸಿಗದ ಗಾಳಿ ಒಳಹೋಗುತ್ತಿದೆ. ಮ್ಯಾಪ್ ಸೆನ್ಸರ್ (ಗಾಳಿಯ ಒಳದಾರಿಯಲ್ಲಿ ಒತ್ತಡ ಅಳೆಯುವ ಸೆನ್ಸರ್) ಇರುವ ಕಾರಿನಲ್ಲಿ ಅದೇ ಸೋರಿಕೆ ಟ್ರಿಮ್‌ನಲ್ಲಿ ಅಷ್ಟಾಗಿ ಕಾಣದೆ ಐಡಲ್ ಏರಿದ ರೂಪದಲ್ಲಿ ಕಾಣುತ್ತದೆ. ನಮ್ಮ ಸಣ್ಣ ಕಾರುಗಳಲ್ಲಿ ಮ್ಯಾಪ್ ಸೆನ್ಸರಿನವೇ ಬಹಳ. ಯಾವುದಿದೆ ಎಂದು ತಿಳಿದುಕೊಂಡೇ ಅಂಕಿ ಓದಿ.

ಪ್ಲಸ್ ಟ್ರಿಮ್‌ಗೆ ಇನ್ನೊಂದು ಕಾರಣ ಮಿಸ್ಸಿಂಗ್. ಒಂದು ಸಿಲಿಂಡರ್ ಉರಿಯದೆ ಹೋದರೆ ಅದರ ಪೆಟ್ರೋಲ್ ಹಾಗೇ ವ್ಯರ್ಥ, ಅದು ಗೊತ್ತಿರುವ ಮಾತು. ಗೊತ್ತಿಲ್ಲದ ಮಾತೆಂದರೆ ಅಲ್ಲಿ ಬಳಕೆಯಾಗದ ಆಮ್ಲಜನಕವೂ ಸೈಲೆನ್ಸರ್ ಕಡೆಗೆ ಹೋಗುತ್ತದೆ, ಸೆನ್ಸರ್ ಅದನ್ನು ನೋಡಿ ‘ಪೆಟ್ರೋಲ್ ಸಾಲದು’ ಎನ್ನುತ್ತದೆ, ಇಸಿಯು ಉಳಿದ ಸಿಲಿಂಡರುಗಳಿಗೂ ಹೆಚ್ಚು ಸುರಿಯುತ್ತದೆ. ಸೆನ್ಸರಿಗಿಂತ ಮುಂಚೆ ಎಕ್ಸಾಸ್ಟ್ ಗ್ಯಾಸ್ಕೆಟ್ ಸೋರಿದರೂ ಹೊರಗಿನ ಗಾಳಿ ಒಳಸೇರಿ ಇದೇ ಕಥೆ. ಪಿ0302 ಎಂಬ ಕೋಡ್ ಎರಡನೆಯ ಸಿಲಿಂಡರಿನ ಮಿಸ್ಸಿಂಗ್. ಎರಡನೆಯದರ ಕಾಯಿಲನ್ನು (ಪ್ಲಗ್ಗಿಗೆ ಕಿಡಿಯ ವಿದ್ಯುತ್ ಕೊಡುವ ಭಾಗ) ಮೂರನೆಯದರ ಜೊತೆ ಅದಲುಬದಲು ಮಾಡಿ ಓಡಿಸಿ. ಕೋಡ್ ಪಿ0303 ಆದರೆ ಕಾಯಿಲ್ ಕೆಟ್ಟಿದೆ. ಆಗದಿದ್ದರೆ ಪ್ಲಗ್ಗನ್ನು ಹಾಗೇ ಅದಲುಬದಲು ಮಾಡಿ ನೋಡಿ. ಒಂದು ರೂಪಾಯಿ ಖರ್ಚಿಲ್ಲದೆ ಉತ್ತರ ಸಿಗುತ್ತದೆ.

ಪ್ಲಗ್ ಬಿಚ್ಚುವುದು ಎಂಜಿನ್ ತಣ್ಣಗಾದ ಮೇಲೆ, ಕೂರಿಸುವಾಗ ಮೊದಲ ಸುತ್ತುಗಳನ್ನು ಕೈಯಲ್ಲೇ ತಿರುಗಿಸಿ. ಅಲ್ಯೂಮಿನಿಯಂ ಹೆಡ್ಡಿನ ತಿರುಪು ಸುತ್ತು (ಥ್ರೆಡ್) ಹಾಳಾದರೆ ದೊಡ್ಡ ಖರ್ಚು. ತುದಿ ತಿಳಿ ಕಂದು ಅಥವಾ ಬೂದು ಬಣ್ಣವಿದ್ದರೆ ಉರಿ ಸರಿಯಿದೆ. ಒಣ ಕಪ್ಪು ಮಸಿಯಿದ್ದರೆ ಪೆಟ್ರೋಲ್ ಹೆಚ್ಚು, ಒದ್ದೆ ಎಣ್ಣೆಯಿದ್ದರೆ ರಿಂಗ್ ಅಥವಾ ವಾಲ್ವ್ ಸೀಲ್ ಸವೆದಿದೆ. ಸಾಮಾನ್ಯ ನಿಕ್ಕಲ್ ಪ್ಲಗ್ 30-40 ಸಾವಿರ ಕಿ.ಮೀ.ಗೆ, ಇರಿಡಿಯಂ 80 ಸಾವಿರದಿಂದ ಒಂದು ಲಕ್ಷಕ್ಕೆ ಬದಲಿಸಿದರೆ ಸಾಕು.

ಮುಂದಿನ ಆಕ್ಸಿಜನ್ ಸೆನ್ಸರ್ ಹಳೆಯ ಬಗೆಯದಾದರೆ ಬಿಸಿ ಎಂಜಿನ್ನಿನಲ್ಲಿ ಅದರ ವೋಲ್ಟೇಜ್ 0.1ರಿಂದ 0.9ರ ನಡುವೆ ಬಿಡದೆ ಏರಿಳಿಯಬೇಕು. 0.1ರಲ್ಲೇ ಕೂತಿದ್ದರೆ ಥ್ರಾಟಲನ್ನು ತಟ್ಟನೆ ಒತ್ತಿ ನೋಡಿ. ಆಗಲೂ ಏಳದಿದ್ದರೆ ಸೆನ್ಸರ್ ಸತ್ತಿದೆ, ಎದ್ದರೆ ಸೆನ್ಸರ್ ನಿಜವನ್ನೇ ಹೇಳುತ್ತಿದೆ, ದೋಷ ಬೇರೆ ಕಡೆ ಇದೆ. ಹೊಸ ಕಾರುಗಳ ವೈಡ್‌ಬ್ಯಾಂಡ್ ಸೆನ್ಸರಿಗೆ ಈ ಅಂಕಿಗಳು ಅನ್ವಯಿಸುವುದಿಲ್ಲ.

ಏರ್ ಫಿಲ್ಟರಿನ ಮೇಲಿನ ಅಪವಾದವನ್ನೂ ಇಳಿಸಬೇಕು. ಕಾರ್ಬ್ಯುರೇಟರ್ ಕಾಲದಲ್ಲಿ ಕಟ್ಟಿಕೊಂಡ ಫಿಲ್ಟರ್ ಮೈಲೇಜ್ ತಿನ್ನುತ್ತಿದ್ದದ್ದು ನಿಜ. ಇಂಜೆಕ್ಷನ್ ಕಾರಿನಲ್ಲಿ ಗಾಳಿ ಕಡಿಮೆಯಾದರೆ ಇಸಿಯು ಪೆಟ್ರೋಲನ್ನೂ ಕಡಿಮೆ ಮಾಡುತ್ತದೆ. ಅಮೆರಿಕದ ಓಕ್ ರಿಡ್ಜ್ ರಾಷ್ಟ್ರೀಯ ಪ್ರಯೋಗಾಲಯ 2009ರಲ್ಲಿ ಪರೀಕ್ಷಿಸಿ ಕಂಡದ್ದೂ ಇದನ್ನೇ: ಕಟ್ಟಿಕೊಂಡ ಫಿಲ್ಟರಿನಿಂದ ಪಿಕಪ್ ಇಳಿಯುತ್ತದೆ, ಮೈಲೇಜ್ ಹೆಚ್ಚೇನೂ ಬದಲಾಗುವುದಿಲ್ಲ. ಫಿಲ್ಟರ್ ಬದಲಿಸುವುದು ಎಂಜಿನ್ನಿನ ಆಯುಷ್ಯಕ್ಕಾಗಿ, ಕಲಬುರಗಿ, ವಿಜಯಪುರದ ಕಡೆಯ ಧೂಳಿನ ರಸ್ತೆಗಳಲ್ಲಿ ಓಡುವ ಕಾರಿಗೆ ಇನ್ನೂ ಬೇಗ. ಟ್ರಿಮ್ ಸರಿಯಿದ್ದು, ಮಿಸ್ಸಿಂಗ್ ಇಲ್ಲದಿದ್ದರೆ ಇಂಜೆಕ್ಟರ್ ಕ್ಲೀನಿಂಗಿಗೆ ಹಣ ಕೊಡುವ ಅಗತ್ಯವೂ ಇಲ್ಲ.

ಉಳಿದವು

ಕ್ಲಚ್: ಖಾಲಿ ರಸ್ತೆಯಲ್ಲಿ ನಾಲ್ಕನೇ ಗೇರು, 45 ಕಿ.ಮೀ. ವೇಗ, ಆಕ್ಸಿಲರೇಟರ್ ಪೂರ್ತಿ ಒತ್ತಿ. ಆರ್‌ಪಿಎಂ ಮುಳ್ಳು ಚಂಗನೆ ಏರಿ ವೇಗ ಹಿಂದುಳಿದರೆ ಪ್ಲೇಟ್ ಜಾರುತ್ತಿದೆ. ಪೆಡಲಿನಲ್ಲಿ ಫ್ರೀ ಪ್ಲೇ (ಕ್ಲಚ್ ಕೆಲಸ ಮಾಡುವ ಮುಂಚಿನ ಸಡಿಲ) ಇದೆಯೇ ಎಂದು ಮೊದಲು ನೋಡಿಸಿ, ಅದು ಇಲ್ಲದಿದ್ದರೆ ಹೊಸ ಪ್ಲೇಟ್ ಕೂಡ ಬೇಗ ಸವೆಯುತ್ತದೆ.

ಪೆಟ್ರೋಲ್ ವಾಸನೆ: ಬಾನೆಟ್ ಬಳಿ, ಹಿಂದಿನ ಸೀಟಿನ ಹತ್ತಿರ ಅಥವಾ ಟ್ಯಾಂಕಿನ ಕೆಳಗೆ ವಾಸನೆ ಬಂದರೆ ಮೇಲಿನ ಯಾವ ಪರೀಕ್ಷೆಯೂ ಬೇಡ. ಸ್ಟಾರ್ಟ್ ಮಾಡಬೇಡಿ, ಕಾರನ್ನು ಎಳೆಸಿಕೊಂಡು ಹೋಗಿ ಲೈನ್ ನೋಡಿಸಿ.

ಎಸಿ: ಕಂಡೆನ್ಸರಿನ ಮುಂಭಾಗದಲ್ಲಿ ಧೂಳು, ಹುಳು ಅಂಟಿಕೊಂಡಿದ್ದರೆ ಕಂಪ್ರೆಸರ್ ಕಟ್ ಆಗದೆ ಓಡುತ್ತಲೇ ಇರುತ್ತದೆ. ಕಡಿಮೆ ಒತ್ತಡದ ನೀರಿನಲ್ಲಿ ತೊಳೆಯಿರಿ. ಜೋರಾಗಿ ಹೊಡೆದರೆ ರೆಕ್ಕೆಗಳು ಮಡಚಿಕೊಳ್ಳುತ್ತವೆ.

ಏನೂ ಸಿಗದಿದ್ದರೆ

ಆಗ ಓಡಾಟದ ಲೆಕ್ಕ ಹಾಕಿ. 1.2 ಲೀಟರ್ ಎಂಜಿನ್ ಎಸಿ ಹಾಕಿಕೊಂಡು ನಿಂತಲ್ಲೇ ಗಂಟೆಗೆ ಸುಮಾರು 0.9 ಲೀಟರ್ ಕುಡಿಯುತ್ತದೆ ಎಂದಿಟ್ಟುಕೊಳ್ಳಿ. ದಿನಕ್ಕೆ 30 ಕಿ.ಮೀ. ಓಡಾಟ, ಅದರಲ್ಲಿ ಸಿಗ್ನಲ್ಲು, ಜಾಮಿನಲ್ಲಿ ನಿಂತದ್ದು 40 ನಿಮಿಷ. ಓಡಲು 18ರ ಲೆಕ್ಕದಲ್ಲಿ 1.67 ಲೀಟರ್, ನಿಲ್ಲಲು 0.6 ಲೀಟರ್, ಒಟ್ಟು 2.27. ಮೈಲೇಜ್ 13.2 ಬಂತು, ಕಾರಿನಲ್ಲಿ ಯಾವ ದೋಷವೂ ಇಲ್ಲದೆ. ಸಿಲ್ಕ್ ಬೋರ್ಡ್, ಹೆಬ್ಬಾಳದ ಕಡೆ ಕೆಲಸ ಬದಲಾದವರು ಗ್ಯಾರೇಜಿಗೆ ಹೋಗುವ ಮುಂಚೆ ಈ ಲೆಕ್ಕವನ್ನು ತಮ್ಮ ಅಂಕಿಗಳಿಂದ ಮಾಡಿ ನೋಡಲಿ. ನಿಲುಗಡೆ ಒಂದು ನಿಮಿಷಕ್ಕಿಂತ ಹೆಚ್ಚು ಎಂದು ಸಿಗ್ನಲ್ ಗಡಿಯಾರ ತೋರಿಸಿದರೆ ಎಂಜಿನ್ ಆಫ್ ಮಾಡಿ. ಎರಡು ಮೂರು ಕಿಲೋಮೀಟರಿನ ಬಿಡಿ ಓಡಾಟಗಳನ್ನು ಒಂದೇ ಸುತ್ತಿಗೆ ಸೇರಿಸಿ. ತಣ್ಣಗಿನ ಎಂಜಿನ್ ಬಿಸಿಯಾಗುವಷ್ಟರಲ್ಲಿ ಓಡಾಟ ಮುಗಿದಿದ್ದರೆ ಇಡೀ ದಾರಿ ಹೆಚ್ಚಿನ ಪೆಟ್ರೋಲಿನಲ್ಲೇ ಸಾಗಿರುತ್ತದೆ.

ಹೈವೇಯಲ್ಲಿ ಗಾಳಿಯ ತಡೆ ವೇಗದ ವರ್ಗಕ್ಕೆ ತಕ್ಕಂತೆ ಏರುತ್ತದೆ. 80ರಿಂದ 100ಕ್ಕೆ ಹೋದರೆ ಅದು ಒಂದೂವರೆ ಪಟ್ಟಿಗೂ ಮಿಗಿಲು. ಬಳಸದ ಕ್ಯಾರಿಯರ್ ಛಾವಣಿಯ ಮೇಲಿದ್ದರೆ ಬಿಚ್ಚಿಡಿ.

ಘಟ್ಟ ಇಳಿಯುವಾಗ ನ್ಯೂಟ್ರಲ್ ಹಾಕಿದರೆ ಪೆಟ್ರೋಲ್ ಉಳಿಯುತ್ತದೆ ಎಂಬ ನಂಬಿಕೆ ಇಂಜೆಕ್ಷನ್ ಕಾರಿಗೆ ತಿರುವುಮುರುವು. ಗೇರಿನಲ್ಲಿದ್ದು ಆಕ್ಸಿಲರೇಟರಿನಿಂದ ಕಾಲು ತೆಗೆದರೆ ಚಕ್ರಗಳೇ ಎಂಜಿನ್ ತಿರುಗಿಸುತ್ತವೆ, ಇಸಿಯು ಇಂಜೆಕ್ಟರನ್ನು ಪೂರ್ತಿ ಮುಚ್ಚುತ್ತದೆ. ನ್ಯೂಟ್ರಲ್ ಹಾಕಿದರೆ ಎಂಜಿನ್ ನಿಲ್ಲದಿರಲು ಐಡಲ್ ಪೆಟ್ರೋಲ್ ಕೊಡಲೇಬೇಕು. ಮೇಲಾಗಿ ಚಾರ್ಮಾಡಿ, ಶಿರಾಡಿಯಂಥ ಇಳಿಜಾರಿನಲ್ಲಿ ಎಂಜಿನ್ ಹಿಡಿತ ತಪ್ಪಿ ಇಡೀ ಭಾರ ಬ್ರೇಕಿನ ಮೇಲೆ ಬೀಳುತ್ತದೆ, ಪ್ಯಾಡ್ ಕಾದು ಬ್ರೇಕ್ ಹಿಡಿಯದೇ ಹೋಗಬಹುದು. ಏರುವಾಗ ಬಳಸಿದ ಗೇರಿನಲ್ಲೇ ಇಳಿಯಿರಿ.

ದೋಷ ಸಿಕ್ಕಿ ರಿಪೇರಿ ಮಾಡಿಸಿದರೆ ಒಂದು ಸಲಕ್ಕೆ ಒಂದನ್ನೇ ಬದಲಿಸಿ, ಬಳಿಕ ಎರಡು ಫುಲ್ ಟ್ಯಾಂಕ್ ಅದೇ ದಾರಿಯಲ್ಲಿ ಓಡಿಸಿ ಅಳೆಯಿರಿ. ಇಸಿಯು ತನ್ನ ತಿದ್ದುಪಡಿಯನ್ನು ಹೊಸದಾಗಿ ಕಲಿಯಲು ಸ್ವಲ್ಪ ಓಟ ಬೇಕು. ಬ್ರೇಕ್ ಕೆಲಸವಾಗಿದ್ದರೆ ಸುಮಾರು 500 ಕಿ.ಮೀ. ಆದ ಮೇಲೆ ನಾಲ್ಕೂ ಚಕ್ರದ ಬಿಸಿಯನ್ನು ಇನ್ನೊಮ್ಮೆ ನೋಡಿ. ಸ್ವಚ್ಛ ಮಾಡಿದ ಪಿನ್ ಮತ್ತೆ ಹಿಡಿದಿದ್ದರೆ ಅದು ಒಳಗೆ ಸವೆದಿದೆ, ಗ್ರೀಸಿನಿಂದ ಆಗದು, ಪಿನ್ ಮತ್ತು ರಬ್ಬರ್ ಸೆಟ್ಟನ್ನೇ ಬದಲಿಸಬೇಕು.